ವೀಲ್‌ಚೇರ್‌ನಲ್ಲಿ ಕೂತು ಗುರಿ: ಏರ್ ರೈಫಲ್ ಕಲಿಯೋರು ಮೊದಲು ಏನು ಮಾಡಬೇಕು?

ಇವತ್ತಿನ ವಿಷಯ ಶೂಟಿಂಗ್. ಅಂದರೆ ಏರ್ ರೈಫಲ್ ಅಥವಾ ಏರ್ ಪಿಸ್ತೂಲ್ ಹಿಡಿದು 10 ಮೀಟರ್ ದೂರದ ಗುರಿಗೆ ಹೊಡೆಯುವ ಆಟ. ನಡೆಯೋಕೆ, ನಿಲ್ಲೋಕೆ, ಅಥವಾ ಕೈಯಲ್ಲಿ ಭಾರ ಹಿಡಿಯೋಕೆ ತೊಂದರೆ ಇರೋರು ಇದನ್ನ ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನ ನೋಡೋಣ.

ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮೋರಿಗೆ ಪದಕ ಬಂದಾಗಲೆಲ್ಲ ಟಿವಿ ಮುಂದೆ ಕೂತ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಬರುತ್ತೆ. "ನಮ್ಮ ಹುಡುಗನೂ ಕಲೀಬಹುದಾ? ಯಾವ ರೈಫಲ್ ಕೊಡಿಸಬೇಕು?" ಮೊದಲನೇ ಪ್ರಶ್ನೆಗೆ ಉತ್ತರ, ಖಂಡಿತ ಕಲೀಬಹುದು. ಎರಡನೇ ಪ್ರಶ್ನೆಯನ್ನ ಸ್ವಲ್ಪ ದಿನ ಪಕ್ಕಕ್ಕಿಡಿ. ಯಾಕಂದ್ರೆ ಈ ಆಟದಲ್ಲಿ ರೈಫಲ್ ಕೊಳ್ಳೋದು ಕೊನೆಯ ಕೆಲಸ. ಮೊದಲು ನಿಮ್ಮ ದೇಹ ಯಾವ ವರ್ಗಕ್ಕೆ ಸೇರುತ್ತೆ ಅಂತ ಅಂದಾಜು ಬೇಕು. ಆಮೇಲೆ ಕೂರೋ ಕುರ್ಚಿ, ಆಮೇಲೆ ಒಳಗೆ ಹೋಗಿ ಬರೋಕೆ ಆಗುವಂಥ ರೇಂಜ್. ಈ ಕ್ರಮ ತಪ್ಪಿದ್ರೆ ಲಕ್ಷಗಟ್ಟಲೆ ದುಡ್ಡು ಹೋಗುತ್ತೆ, ಅದರ ಹಿಂದೆ ಹುಮ್ಮಸ್ಸೂ ಹೋಗುತ್ತೆ.

ಏರ್‌ಸಾಫ್ಟ್ ಬೇರೆ, ಏರ್ ರೈಫಲ್ ಬೇರೆ

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಏರ್‌ಸಾಫ್ಟ್ ಅಂತ ಒಂದು ಆಟ ಇದೆ. ಜಪಾನ್‌ನಲ್ಲಿ ಹುಟ್ಟಿದ್ದು. ಅದರಲ್ಲಿ 6 ಮಿಲಿಮೀಟರ್‌ನ ಪ್ಲಾಸ್ಟಿಕ್ ಗುಂಡುಗಳನ್ನ ಆಟಗಾರರು ಒಬ್ಬರ ಮೇಲೊಬ್ಬರು ಹಾರಿಸ್ತಾರೆ. ಕಣ್ಣಿಗೆ ಕನ್ನಡಕ, ಮುಖಕ್ಕೆ ಮುಸುಕು ಹಾಕ್ಕೊಂಡು ಓಡಾಡ್ತಾ ಆಡೋ ತಂಡದ ಆಟ ಅದು. ನಾವು ಹೇಳ್ತಿರೋ ಏರ್ ರೈಫಲ್‌ನಲ್ಲಿ ಬಳಸೋದು 4.5 ಮಿಲಿಮೀಟರ್‌ನ ಸೀಸದ ಗುಂಡು, ಪೆಲೆಟ್ ಅಂತಾರೆ. ಇದು ಚರ್ಮ ಸೀಳಬಲ್ಲದು, ಕಣ್ಣು ತೆಗೆಯಬಲ್ಲದು. ಇದನ್ನ ಮನುಷ್ಯರ ಕಡೆಗಾಗಲಿ, ಪ್ರಾಣಿ ಪಕ್ಷಿಗಳ ಕಡೆಗಾಗಲಿ ತಮಾಷೆಗೂ ತಿರುಗಿಸೋ ಹಾಗಿಲ್ಲ. ಖಾಲಿ ಇದೆ ಅಂತ ಗೊತ್ತಿದ್ರೂ ತಿರುಗಿಸೋ ಹಾಗಿಲ್ಲ. ರೇಂಜ್‌ನಲ್ಲಿ ಕಲಿಸೋ ಮೊದಲ ಪಾಠವೇ ಇದು.

ಓಡೋದು ಬೇಡ, ಅಲುಗಾಡದೆ ಇರಬೇಕು

10 ಮೀಟರ್ ಏರ್ ರೈಫಲ್ ಗುರಿಹಲಗೆಯ ನಡುವೆ ಇರೋ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಒಂದು ರಾಗಿ ಕಾಳಿನ ಅರ್ಧದಷ್ಟೂ ಇಲ್ಲ. ರೈಫಲ್‌ನ ತುದಿ 1 ಮಿಲಿಮೀಟರ್ ಸರಿದ್ರೆ ಸಾಕು, ಗುಂಡು ಅಲ್ಲಿ 1 ಸೆಂಟಿಮೀಟರ್‌ಗಿಂತ ಹೆಚ್ಚು ಪಕ್ಕಕ್ಕೆ ಬೀಳುತ್ತೆ. ಹತ್ತು ಬರಬೇಕಾದ ಕಡೆ ಆರೋ ಐದೋ ಬರುತ್ತೆ.

ದೊಡ್ಡ ಸ್ಪರ್ಧೆಗಳಲ್ಲಿ ಅಂಕವನ್ನ ದಶಮಾಂಶದಲ್ಲಿ ಎಣಿಸ್ತಾರೆ. ಒಂದು ಗುಂಡಿಗೆ ಗರಿಷ್ಠ 10.9. ಅರ್ಹತಾ ಸುತ್ತಿನಲ್ಲಿ 60 ಗುಂಡು. ಎಲ್ಲವೂ ನಟ್ಟನಡುವೆ ಬಿದ್ರೆ 654. ಇಲ್ಲಿ ಬೇಕಾಗೋದು ಉಸಿರಿನ ಹಿಡಿತ, ಟ್ರಿಗರ್ ಬೆರಳಿನ ಸೂಕ್ಷ್ಮ, ಒಂದೇ ಕೆಲಸವನ್ನ ಅರವತ್ತು ಸಲ ಒಂದೇ ಥರ ಮಾಡೋ ತಾಳ್ಮೆ. ಅದಕ್ಕೇ ಕಾಲಿಗೆ ಬಲ ಇಲ್ಲದೋರಿಗೂ ಈ ಆಟದಲ್ಲಿ ಜಾಗ ಇದೆ. ಪ್ಯಾರಾಲಿಂಪಿಕ್ಸ್‌ಗೆ ಶೂಟಿಂಗ್ ಬಂದಿದ್ದು 1976ರಲ್ಲಿ, ಟೊರಾಂಟೊ ಕೂಟದಲ್ಲಿ.

ಜೈಪುರದ ಅವನಿ ಲೇಖರಾ ಹೆಸರು ನೀವು ಕೇಳಿರ್ತೀರಿ. 2012ರಲ್ಲಿ ಅವರಿಗೆ ಕಾರು ಅಪಘಾತ ಆಯ್ತು. ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಮೂರು ವರ್ಷದ ಮೇಲೆ, 2015ರಲ್ಲಿ, ರೈಫಲ್ ಹಿಡಿದ್ರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ 249.6 ಅಂಕದೊಂದಿಗೆ ಚಿನ್ನ ಗೆದ್ದು, ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಆದ್ರು. 2024ರ ಪ್ಯಾರಿಸ್‌ನಲ್ಲಿ 249.7 ಅಂಕ, ಮತ್ತೆ ಚಿನ್ನ. ಅದೇ ಸ್ಪರ್ಧೆಯಲ್ಲಿ ಮೋನಾ ಅಗರ್‌ವಾಲ್ ಅವರಿಗೆ ಕಂಚು.

ಲೈಸನ್ಸ್ ಬೇಕಾ?

ಇದು ಎಲ್ಲರೂ ಕೇಳೋ ಪ್ರಶ್ನೆ. 2016ರ ಶಸ್ತ್ರಾಸ್ತ್ರ ನಿಯಮಗಳ ನಂತರದ ಲೆಕ್ಕ ಹೀಗಿದೆ: 20 ಜೌಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ, 4.5 ಮಿಲಿಮೀಟರ್ ಅಂದರೆ .177 ಇಂಚಿಗಿಂತ ದೊಡ್ಡ ನಳಿಕೆ ಇಲ್ಲದ ಏರ್ ಗನ್‌ಗಳಿಗೆ ಲೈಸನ್ಸ್ ಬೇಕಾಗಲ್ಲ. 10 ಮೀಟರ್ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ ಸುಮಾರು 7.5 ಜೌಲ್, ಹಾಗಾಗಿ ಅವು ಈ ಮಿತಿಯೊಳಗೇ ಬರುತ್ತವೆ. ಆದ್ರೆ 50 ಮೀಟರ್ ಸ್ಪರ್ಧೆಗೆ ಬಳಸೋ .22 ರೈಫಲ್ ನಿಜವಾದ ಬಂದೂಕು. ಅದಕ್ಕೆ ಲೈಸನ್ಸ್ ಬೇಕೇ ಬೇಕು. ಕಲಿಯೋ ಹಂತದಲ್ಲಿ ಅದರ ಗೋಜಿಗೆ ಹೋಗಬೇಡಿ. ಏರ್ ರೈಫಲ್ ಕೊಂಡಾಗಲೂ ಬಿಲ್ ಜೋಪಾನ ಮಾಡಿ. ಬಸ್ಸಲ್ಲಿ, ರೈಲಲ್ಲಿ ಒಯ್ಯುವಾಗ ಮುಚ್ಚಿದ ಪೆಟ್ಟಿಗೆಯಲ್ಲಿ, ಬಿಲ್ ಪ್ರತಿಯ ಜೊತೆಗೇ ಇರಲಿ.

ನೀವು ಯಾವ ವರ್ಗ?

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ಯಾರಾ ಶೂಟಿಂಗ್‌ನಲ್ಲಿ ಓಡಾಟದ ಅಥವಾ ಕೈಗಳ ತೊಂದರೆ ಇರೋರಿಗೆ ಎರಡು ದೊಡ್ಡ ವರ್ಗ ಇವೆ.

ಮೊದಲನೇದು ಎಸ್‌ಎಚ್‌1. ರೈಫಲ್ ಅಥವಾ ಪಿಸ್ತೂಲಿನ ಭಾರವನ್ನ ತಮ್ಮ ಕೈಯಲ್ಲೇ ಹಿಡಿಯಬಲ್ಲವರು ಇದರಲ್ಲಿ ಬರ್ತಾರೆ. ಕಾಲಿನ ಸ್ವಾಧೀನ ಇಲ್ಲದೋರು, ಕಾಲು ಕಳೆದುಕೊಂಡೋರು, ಪೋಲಿಯೊ ಆದೋರು ಬಹುಪಾಲು ಇಲ್ಲಿರ್ತಾರೆ. ಪಿಸ್ತೂಲಿನಲ್ಲಿ ಒಂದು ಕೈ ತೊಂದರೆ ಇರೋರೂ ಇರ್ತಾರೆ, ಯಾಕಂದ್ರೆ ಪಿಸ್ತೂಲ್ ಹಿಡಿಯೋದು ಒಂದೇ ಕೈಯಲ್ಲಿ. ಟೋಕಿಯೊದಲ್ಲಿ ಚಿನ್ನ, ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ಮನೀಷ್ ನರ್ವಾಲ್ ಅವರಿಗೆ ಹುಟ್ಟಿನಿಂದಲೇ ಬಲಗೈ ತೊಂದರೆ ಇದೆ.

ಎರಡನೇದು ಎಸ್‌ಎಚ್‌2. ಕೈಗಳಲ್ಲೂ ಬಲ ಕಡಿಮೆ, ರೈಫಲ್ ಭಾರ ಹಿಡಿಯೋಕೆ ಆಗಲ್ಲ ಅನ್ನೋರಿಗೆ. ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾದೋರನ್ನ ನೆನೆಸ್ಕೊಳ್ಳಿ. ಇವರು ರೈಫಲ್‌ನಲ್ಲಿ ಮಾತ್ರ ಸ್ಪರ್ಧಿಸ್ತಾರೆ, ಪಿಸ್ತೂಲ್ ಇಲ್ಲ. ರೈಫಲ್ ಒಂದು ಸ್ಟ್ಯಾಂಡ್ ಮೇಲೆ ಕೂತಿರುತ್ತೆ. ಗುಂಡು ತುಂಬೋಕೆ ಪಕ್ಕದಲ್ಲಿ ಸಹಾಯಕರು ಇರಬಹುದು. "ಸ್ಟ್ಯಾಂಡ್ ಇದ್ದರೆ ಗುರಿ ಹಿಡಿಯೋದೇನು ಮಹಾ" ಅಂತ ಕೆಲವರು ಅಂದ್ಕೊಳ್ತಾರೆ. ಹಾಗಲ್ಲ. ಆ ಸ್ಟ್ಯಾಂಡ್‌ನ ತುದಿಯಲ್ಲಿ ಸ್ಪ್ರಿಂಗ್ ಇರುತ್ತೆ. ಭಾರ ಹೊರುತ್ತೆ, ಆದರೆ ರೈಫಲ್ ಅಲುಗಾಡ್ತಾನೇ ಇರುತ್ತೆ. ಅದನ್ನ ಶಾಂತ ಮಾಡೋ ಕೆಲಸ ಶೂಟರ್‌ದೇ.

ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಈ ಎಸ್‌ಎಚ್‌2 ವರ್ಗದೋರು. 2022ರಲ್ಲಿ ಫ್ರಾನ್ಸ್‌ನ ಶಾಟೊರೂನಲ್ಲಿ ನಡೆದ ವಿಶ್ವಕಪ್‌ನಲ್ಲಿ ಚಿನ್ನ ಗೆದ್ರು. ಆಮೇಲೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದ್ರು. ಕೈಯಲ್ಲಿ ಬಲ ಇಲ್ಲ, ನಮಗೆ ಶೂಟಿಂಗ್ ಎಲ್ಲಿಂದ ಬರಬೇಕು ಅನ್ನೋ ಕೇಳುಗರು ಈ ಹೆಸರನ್ನ ನೆನಪಲ್ಲಿಡಿ.

ಇನ್ನೊಂದು ಮಾತು. ಯುಡಿಐಡಿ ಕಾರ್ಡ್, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ, ಇವೆಲ್ಲ ಸರ್ಕಾರದ ಸೌಲಭ್ಯಕ್ಕೆ ಬೇಕಾದ ಕಾಗದಗಳು. ಆಟದ ವರ್ಗ ನಿರ್ಧಾರ ಮಾಡೋದು ಆ ಶೇಕಡಾವಾರು ಲೆಕ್ಕ ಅಲ್ಲ. ತರಬೇತಿ ಪಡೆದ ವರ್ಗೀಕರಣ ತಜ್ಞರು ನಿಮ್ಮ ಸ್ನಾಯು ಬಲ, ಕೀಲುಗಳ ಚಲನೆ, ಕೂತಾಗಿನ ಸಮತೋಲನ ಪರೀಕ್ಷೆ ಮಾಡ್ತಾರೆ. ಪ್ರಮಾಣಪತ್ರ ಇದ್ರೂ "ಈ ಆಟಕ್ಕೆ ಅರ್ಹತೆ ಇಲ್ಲ" ಅಂತ ಬರಬಹುದು. ಅದಕ್ಕೇ ದೊಡ್ಡ ಖರ್ಚಿಗೆ ಮುಂಚೆ ಹಳೇ ಆಸ್ಪತ್ರೆ ದಾಖಲೆ, ಎಂಆರ್‌ಐ ವರದಿ ಎಲ್ಲ ಜೋಡಿಸಿಕೊಂಡು, ಪ್ಯಾರಾ ಶೂಟರ್‌ಗಳಿಗೆ ಕಲಿಸಿ ಅನುಭವ ಇರೋ ಕೋಚ್ ಹತ್ತಿರ ಒಮ್ಮೆ ಮಾತಾಡಿ. ವರ್ಗ ಸಿಗದಿದ್ರೂ ರೇಂಜ್‌ನಲ್ಲಿ ಅಭ್ಯಾಸ ಮಾಡೋಕೆ ಯಾರ ಅಡ್ಡಿಯೂ ಇಲ್ಲ. ವರ್ಗ ಬೇಕಾಗೋದು ಪ್ಯಾರಾ ಸ್ಪರ್ಧೆಗೆ ಮಾತ್ರ.

"ಸ್ಟ್ಯಾಂಡಿಂಗ್" ಅಂದ್ರೆ ನಿಂತೇ ಹೊಡೀಬೇಕಾ?

ಸ್ಪರ್ಧೆಗಳ ಪಟ್ಟಿ ನೋಡಿ ಎಷ್ಟೋ ಜನ ಇಲ್ಲೇ ಹೆದರಿಬಿಡ್ತಾರೆ. "10 ಮೀಟರ್ ಏರ್ ರೈಫಲ್ ಸ್ಟ್ಯಾಂಡಿಂಗ್" ಅಂತ ಬರೆದಿರುತ್ತೆ. ಇನ್ನೊಂದು "ಪ್ರೋನ್", ಅಂದರೆ ಮಲಗಿ ಹೊಡೆಯೋದು ಅಂತ ಅರ್ಥ. ವೀಲ್‌ಚೇರ್ ಶೂಟರ್‌ಗೆ ಇವೆರಡೂ ಕೂತೇ ಆಡೋ ಸ್ಪರ್ಧೆಗಳು. ವ್ಯತ್ಯಾಸ ಇರೋದು ಮೊಣಕೈಯಲ್ಲಿ. ಪ್ರೋನ್‌ನಲ್ಲಿ ಕುರ್ಚಿಗೆ ಜೋಡಿಸಿದ ಮೇಜಿನ ಮೇಲೆ ಎರಡೂ ಮೊಣಕೈ ಊರಬಹುದು. ಸ್ಟ್ಯಾಂಡಿಂಗ್‌ನಲ್ಲಿ ಮೊಣಕೈಯನ್ನ ಮೇಜಿನ ಮೇಲಾಗಲಿ ಕುರ್ಚಿಯ ಮೇಲಾಗಲಿ ಊರೋ ಹಾಗಿಲ್ಲ. ರೈಫಲ್ ಭಾರ 5.5 ಕಿಲೋವರೆಗೂ ಇರಬಹುದು. ಎಸ್‌ಎಚ್‌1 ಶೂಟರ್ ಅಷ್ಟನ್ನೂ ಕೈ ಮತ್ತು ಮೈಯಲ್ಲೇ ತಡ್ಕೋಬೇಕು. ಹೊಸಬರಿಗೆ ಪ್ರೋನ್‌ನಿಂದ ಶುರು ಮಾಡೋದು ಸುಲಭ. ಗುಂಡು ಗುರಿಯ ಹತ್ತಿರ ಬೀಳೋದು ಕಂಡಾಗ ಮನಸ್ಸಿಗೂ ಧೈರ್ಯ ಬರುತ್ತೆ.

ಕುರ್ಚಿಯೇ ಅರ್ಧ ಆಟ

ನಿಂತು ಹೊಡೆಯೋರಿಗೆ ಪಾದ ಹೇಗೋ, ನಿಮಗೆ ಕುರ್ಚಿ ಹಾಗೆ. ಅದು ಅಲುಗಾಡಿದ್ರೆ ಎಷ್ಟು ಒಳ್ಳೇ ರೈಫಲ್ ಇದ್ರೂ ಪ್ರಯೋಜನ ಇಲ್ಲ. ಮನೆಯಲ್ಲಿ ಓಡಾಡೋ ವೀಲ್‌ಚೇರ್‌ನಲ್ಲೇ ಮೊದಲ ತಿಂಗಳು ಕಲೀಬಹುದು. ಬ್ರೇಕ್ ಗಟ್ಟಿ ಹಿಡಿಯುತ್ತಾ, ಚಕ್ರ ಸಡಿಲ ಇದೆಯಾ, ಕೂರೋ ಬಟ್ಟೆ ಜೋತು ಬಿದ್ದಿದೆಯಾ ನೋಡಿ. ಜೋತು ಬಿದ್ದಿದ್ರೆ ಕೆಳಗೆ ಒಂದು ಗಟ್ಟಿ ಹಲಗೆ ಹಾಕಿಸಿ. ಪಾದ ಜಾರದ ಹಾಗೆ ಪಟ್ಟಿ ಹಾಕೋದಾದ್ರೆ ಅದು ನಿಯಮಕ್ಕೆ ಒಪ್ಪುತ್ತಾ ಅಂತ ಕೋಚ್ ಹತ್ತಿರ ಕೇಳ್ಕೊಳ್ಳಿ.

ಬೆನ್ನಿಗೆ ಒರಗು ಇರಬಹುದಾ, ಇದ್ದರೆ ಎಷ್ಟು ಎತ್ತರ ಅನ್ನೋದು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಮೈಯ ನಡುಭಾಗದ ಹಿಡಿತ ಎಷ್ಟಿದೆ ಅನ್ನೋದರ ಮೇಲೆ ವರ್ಗದೊಳಗೇ ಎ, ಬಿ, ಸಿ ಅಂತ ಉಪವರ್ಗ ಇವೆ. ಹಿಡಿತ ಚೆನ್ನಾಗಿದ್ದರೆ ಒರಗು ಸಿಗಲ್ಲ, ಹಿಡಿತ ಕಡಿಮೆ ಇದ್ದಷ್ಟೂ ಎತ್ತರದ ಒರಗು ಸಿಗುತ್ತೆ. ಹಾಗಾಗಿ ವರ್ಗೀಕರಣ ಆಗೋ ಮುಂಚೆ ದುಬಾರಿ ಶೂಟಿಂಗ್ ಕುರ್ಚಿ ಮಾಡಿಸಬೇಡಿ.

ಬೆನ್ನುಹುರಿ ಗಾಯ ಆದೋರು ಮೂರು ವಿಷಯ ಗಮನಿಸಬೇಕು. ಒಂದು, ಒತ್ತಡದ ಹುಣ್ಣು, ಅಂದರೆ ಬೆಡ್ ಸೋರ್. ಗುರಿಯಲ್ಲಿ ಮನಸ್ಸು ನೆಟ್ಟಾಗ ಗಂಟೆ ಕಳೆದಿದ್ದೇ ಗೊತ್ತಾಗಲ್ಲ, ಕೂತ ಜಾಗದ ನೋವೂ ತಿಳಿಯಲ್ಲ. ಮೆತ್ತನೆ ಕುಶನ್ ತೆಗೆದ್ರೆ ಅಂಕ ಚೆನ್ನಾಗಿ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಫೋನಲ್ಲಿ ಅಲಾರಂ ಇಟ್ಟುಕೊಂಡು ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಿ. ಮನೆಗೆ ಬಂದು ಕನ್ನಡಿಯಲ್ಲಿ ಚರ್ಮ ನೋಡ್ಕೊಳ್ಳಿ. ಒಂದು ಹುಣ್ಣು ಆದ್ರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತೆ.

ಎರಡು, ಸೆಕೆ. ಶೂಟಿಂಗ್ ಜಾಕೆಟ್ ದಪ್ಪ ಕ್ಯಾನ್ವಾಸ್, ಚರ್ಮದ್ದು. ಬೆನ್ನುಹುರಿ ಗಾಯ ಆದೋರಿಗೆ ಗಾಯದ ಕೆಳಗೆ ಬೆವರೋದು ಕಡಿಮೆ, ಮೈ ಬೇಗ ಕಾಯುತ್ತೆ. ಬೇಸಿಗೆಯಲ್ಲಿ ಫ್ಯಾನ್ ಇಲ್ಲದ ರೇಂಜ್‌ನಲ್ಲಿ ಇದು ಅಪಾಯ. ಸುತ್ತಿನ ನಡುವೆ ಜಾಕೆಟ್ ಬಿಚ್ಚಿ, ಒದ್ದೆ ಬಟ್ಟೆ ಇಟ್ಕೊಳ್ಳಿ.

ಮೂರು, ಮೂತ್ರದ ಸಮಯ. ಶೌಚಾಲಯ ಸರಿ ಇಲ್ಲ ಅಂತ ನೀರು ಕುಡಿಯದೆ, ತಡ್ಕೊಂಡು ಕೂರೋರು ಬಹಳ ಜನ. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದೋರಿಗೆ ಮೂತ್ರಕೋಶ ತುಂಬಿದ್ರೆ ಬಿಪಿ ಒಮ್ಮೆಲೇ ಏರಿಬಿಡಬಹುದು. ತಲೆ ಸಿಡಿಯೋ ಹಾಗೆ ನೋವು, ಮುಖದಲ್ಲಿ ಬೆವರು ಕಂಡ್ರೆ ಗುಂಡು ಹೊಡೆಯೋದು ನಿಲ್ಲಿಸಿ, ನೆಟ್ಟಗೆ ಕೂತು, ತಕ್ಷಣ ಮೂತ್ರಕೋಶ ಖಾಲಿ ಮಾಡಿ. ಕಡಿಮೆ ಆಗದಿದ್ರೆ ಆಸ್ಪತ್ರೆಗೆ ಹೋಗಿ.

ರೇಂಜ್‌ಗೆ ಫೋನ್ ಮಾಡಿ ಇಷ್ಟು ಕೇಳಿ

ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 10 ಮೀಟರ್ ರೇಂಜ್‌ಗಳಿವೆ. ಎಷ್ಟೋ ರೇಂಜ್‌ಗಳು ಕಟ್ಟಡದ ಮೇಲ್ಮಹಡಿಯಲ್ಲೋ ನೆಲಮಾಳಿಗೆಯಲ್ಲೋ ಇರುತ್ತವೆ. "ವೀಲ್‌ಚೇರ್ ಬರುತ್ತಾ?" ಅಂತ ಕೇಳಿದ್ರೆ "ಬನ್ನಿ ಸಾರ್, ಎತ್ಕೊಂಡು ಹೋಗ್ತೀವಿ" ಅಂತಾರೆ. ಅವರ ಮನಸ್ಸು ಒಳ್ಳೇದೇ. ಆದ್ರೆ ವಾರಕ್ಕೆ ಮೂರು ದಿನ, ವರ್ಷಗಟ್ಟಲೆ ಎತ್ತಿಸ್ಕೊಂಡು ಹೋಗೋಕೆ ಆಗಲ್ಲ. ಅದಕ್ಕೆ ಹೀಗೆ ಬಿಡಿಬಿಡಿಯಾಗಿ ಕೇಳಿ:

ಬೀದಿಯಿಂದ ಗುಂಡು ಹೊಡೆಯೋ ಜಾಗದವರೆಗೆ ಎಷ್ಟು ಮೆಟ್ಟಿಲು? ಲಿಫ್ಟ್ ಬಾಗಿಲಿನ ಅಗಲ ಎಷ್ಟು? ವೀಲ್‌ಚೇರ್ ಒಳಗೆ ತಿರುಗೋ ಶೌಚಾಲಯ ಇದೆಯಾ? ಸಾಲಿನ ಮುಂದಿನ ಮೇಜು ತೆಗೆಯೋಕೆ ಬರುತ್ತಾ, ಅಥವಾ ಮೊಣಕಾಲಿಗೆ ತಾಗುತ್ತಾ? ಗುರಿಹಲಗೆಯ ಎತ್ತರ ಎಷ್ಟು? ಕಲಿಯೋರಿಗೆ ಅಲ್ಲೇ ರೈಫಲ್ ಕೊಡ್ತಾರಾ? ಈ ಹಿಂದೆ ಪ್ಯಾರಾ ಶೂಟರ್ ಯಾರಾದ್ರೂ ಅಲ್ಲಿ ಕಲಿತಿದ್ದಾರಾ?

ಕೊನೆಯ ಪ್ರಶ್ನೆಗೆ ಹೌದು ಅಂತ ಉತ್ತರ ಬಂದ್ರೆ ಉಳಿದ ಅರ್ಧ ಸಮಸ್ಯೆ ಬಗೆಹರಿದ ಹಾಗೆ. ಇಲ್ಲ ಅಂದ್ರೂ ಬಿಡಬೇಡಿ. ಒಂದು ಇಳಿಜಾರು ಹಲಗೆ, ಒಂದು ಮೇಜು ಸರಿಸೋದು, ಇಷ್ಟಕ್ಕೆ ಮಾಲೀಕರು ಒಪ್ತಾರಾ ಅಂತ ಎದುರಿಗೆ ಹೋಗಿ ಮಾತಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯ ಬಗ್ಗೆಯೇ ಇದೆ. ಸರ್ಕಾರಿ ಕ್ರೀಡಾ ಸೌಕರ್ಯದಲ್ಲಿ ಪ್ರವೇಶ ಕೇಳೋದು ನಿಮ್ಮ ಹಕ್ಕು.

ಮೊದಲ ಮೂರು ತಿಂಗಳು

ದಿನಾ ರೇಂಜ್‌ಗೆ ಹೋಗೋಕೆ ಆಟೊ, ಕಾರಿನ ಖರ್ಚು ದೊಡ್ಡದು. ಒಳ್ಳೇ ಸುದ್ದಿ ಏನಂದ್ರೆ ಶೂಟರ್‌ಗಳ ಅಭ್ಯಾಸದಲ್ಲಿ ಬಹುಪಾಲು ಗುಂಡಿಲ್ಲದೇ ಮಾಡಬಹುದು. ಇದಕ್ಕೆ ಡ್ರೈ ಫೈರಿಂಗ್ ಅಂತಾರೆ. ಖಾಲಿ ಗೋಡೆಯ ಕಡೆಗೆ, ಗುಂಡು ತುಂಬದೆ, ರೈಫಲ್ ಎತ್ತಿ, ಉಸಿರು ಬಿಟ್ಟು, ಟ್ರಿಗರ್ ಒತ್ತಿ, ಒತ್ತಿದ ಮೇಲೂ ಒಂದೆರಡು ಕ್ಷಣ ಅಲುಗದೆ ಇರೋದು. ರೈಫಲ್ ಇಲ್ಲದಿದ್ರೂ ಕೂರೋ ಭಂಗಿಯನ್ನ ಕಣ್ಣು ಮುಚ್ಚಿ ಹಿಡಿಯೋ ಅಭ್ಯಾಸ ಮಾಡಬಹುದು. ಭುಜ, ಕುತ್ತಿಗೆಗೆ ಫಿಸಿಯೊಥೆರಪಿಸ್ಟ್ ಹೇಳಿದ ವ್ಯಾಯಾಮ ಜೊತೆಗಿರಲಿ. ಕುರ್ಚಿ ತಳ್ಳೋದೂ ಅದೇ ಭುಜ, ರೈಫಲ್ ಎತ್ತೋದೂ ಅದೇ ಭುಜ. ಅದಕ್ಕೆ ನೋವಾದ್ರೆ ಆಟ ಮಾತ್ರ ಅಲ್ಲ, ಓಡಾಟವೂ ನಿಲ್ಲುತ್ತೆ.

ಪೆಲೆಟ್ ಸೀಸದ್ದು ಅಂತ ಆಗಲೇ ಹೇಳಿದೆ. ಗುಂಡು ಮುಟ್ಟಿದ ಕೈಯಲ್ಲಿ ಬಿಸ್ಕತ್ತು, ಕಾಫಿ ಬೇಡ. ಸೋಪು ಹಾಕಿ ತೊಳೆದ ಮೇಲೇ ತಿನ್ನಿ.

ಮೂರು ತಿಂಗಳು ರೇಂಜ್‌ನ ರೈಫಲ್‌ನಲ್ಲೇ ಕಳೆಯಿರಿ. ಅಷ್ಟರಲ್ಲಿ ರೈಫಲ್ ನಿಮಗಾ ಪಿಸ್ತೂಲಾ, ಬಲಗೈಗೆ ಹೊಂದೋ ಸ್ಟಾಕ್ ಬೇಕಾ ಎಡಗೈಗಾ, ಸ್ಟ್ಯಾಂಡ್ ಬೇಕಾ ಬೇಡವಾ ಅನ್ನೋದು ಗೊತ್ತಾಗುತ್ತೆ. ವಿದೇಶದ ಸ್ಪರ್ಧಾ ರೈಫಲ್ ಬೆಲೆ ಎರಡು ಲಕ್ಷ ದಾಟುತ್ತೆ. ದೇಶದಲ್ಲೇ ತಯಾರಾದ ಕಲಿಕೆಯ ರೈಫಲ್‌ಗಳು ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳೋದಾದ್ರೆ ಗಾಳಿ ಸಿಲಿಂಡರ್ ಮೇಲಿನ ತಯಾರಿಕೆಯ ದಿನಾಂಕ ನೋಡಿ. ತಯಾರಕರು ಸಾಮಾನ್ಯವಾಗಿ ಅದಕ್ಕೆ ಹತ್ತು ವರ್ಷ ಆಯಸ್ಸು ಕೊಡ್ತಾರೆ. 200 ಬಾರ್ ಒತ್ತಡದ ಗಾಳಿ ತುಂಬೋ ಡಬ್ಬಿ ಅದು, ಹಳೇದಾದ್ರೆ ಅಪಾಯ.

ಮಾತ್ರೆ ತಗೊಳ್ತಿದ್ದೀರಾ?

ಇದನ್ನ ಯಾರೂ ಮೊದಲೇ ಹೇಳಲ್ಲ. ಬಿಪಿಗೆ, ಹೃದಯಕ್ಕೆ, ಮೈಗ್ರೇನ್‌ಗೆ ಕೊಡೋ ಬೀಟಾ ಬ್ಲಾಕರ್ ಮಾತ್ರೆಗಳು, ಉದಾಹರಣೆಗೆ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಶೂಟಿಂಗ್‌ನಲ್ಲಿ ನಿಷೇಧಿತ. ಅವು ಎದೆಬಡಿತ ಇಳಿಸಿ ಕೈ ನಡುಕ ಕಡಿಮೆ ಮಾಡ್ತವೆ, ಅದಕ್ಕೆ. ಈ ಆಟದಲ್ಲಿ ಸ್ಪರ್ಧೆ ಇಲ್ಲದ ದಿನಗಳಲ್ಲೂ ನಿಷೇಧ ಇದೆ. ಹಾಗಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಅದು ಜೀವಕ್ಕೆ ಕುತ್ತು. ಸ್ಪರ್ಧೆಗೆ ಇಳಿಯೋ ಯೋಚನೆ ಇದ್ರೆ ಡಾಕ್ಟರ್ ಹತ್ತಿರ ಬದಲಿ ಮಾತ್ರೆ ಇದೆಯಾ ಕೇಳಿ. ಇಲ್ಲ ಅಂದ್ರೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕೋ ದಾರಿ ಇದೆ. ಬರೀ ಖುಷಿಗೆ ಕಲಿಯೋರು ಇದರ ಬಗ್ಗೆ ತಲೆ ಕೆಡಿಸ್ಕೋಬೇಕಿಲ್ಲ.

ಮುಂದೆ?

ಸ್ಪರ್ಧೆಯ ದಾರಿ ಹಿಡಿಯೋರಿಗೆ ದೇಶದಲ್ಲಿ ಪ್ಯಾರಾ ಶೂಟಿಂಗ್ ನೋಡ್ಕೊಳ್ಳೋದು ಭಾರತೀಯ ಪ್ಯಾರಾಲಿಂಪಿಕ್ ಸಮಿತಿ. ರಾಷ್ಟ್ರೀಯ ಪ್ಯಾರಾ ಶೂಟಿಂಗ್ ಚಾಂಪಿಯನ್‌ಷಿಪ್ ಅವರದ್ದೇ. ಕೋಚ್ ಮೂಲಕ ನೋಂದಣಿ, ವರ್ಗೀಕರಣದ ದಿನಾಂಕ ತಿಳ್ಕೊಳ್ಳಿ.

ಮನೆಯೋರಿಗೂ ಒಂದು ಮಾತು. ಅಪಘಾತ ಆದ ಮಗನನ್ನೋ ಮಗಳನ್ನೋ ಹೊರಗೆ ಕಳಿಸೋಕೆ ಭಯ ಆಗೋದು ಸಹಜ. ಪದಕ ಬರುತ್ತೆ ಅಂತ ಆಸೆ ಹುಟ್ಟಿಸಿ ಕಳಿಸಬೇಡಿ. ಎಲ್ಲರಿಗೂ ಪದಕ ಬರಲ್ಲ. ವಾರಕ್ಕೆ ಮೂರು ದಿನ ಮನೆಯಿಂದ ಹೊರಗೆ ಹೋಗೋಕೆ ಒಂದು ಕಾರಣ, ತಮ್ಮ ಕೈಯಲ್ಲೇ ಇರೋ ಒಂದು ಕೆಲಸ, ನಿನ್ನೆಗಿಂತ ಇವತ್ತು ಎರಡು ಅಂಕ ಜಾಸ್ತಿ, ಇದು ಬಂದ್ರೆ ಸಾಕು ಅಂತ ಶುರು ಮಾಡಿ. ಈ ವಾರ ಮಾಡಬೇಕಾಗಿರೋದು ಎರಡೇ ಕೆಲಸ: ಆಸ್ಪತ್ರೆ ಕಾಗದಗಳನ್ನ ಒಂದು ಫೈಲ್‌ಗೆ ಹಾಕಿ, ಹತ್ತಿರದ ರೇಂಜ್‌ಗೆ ಒಂದು ಫೋನ್ ಮಾಡಿ.